ಮೇಜಿನ ಈಚೆ ಬದಿಯ ಕುರ್ಚಿ



ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಇತ್ತೀಚೆಗೆ ಬಡ್ತಿ ಹೊಂದಿ ಸರ್ಕಾರಿ ಕಚೇರಿಯೊಂದರ ಮುಖ್ಯಸ್ಥನಾಗಿದ್ದಾನೆ. ಅಧಿಕಾರ ವಹಿಸಿಕೊಂಡ ಮರುವಾರವೇ ಹೊಸದಾಗಿ ಸಜ್ಜುಗೊಳಿಸಿದ ತನ್ನ ಕೊಠಡಿಯ ನಾಲ್ಕು ಛಾಯಾಚಿತ್ರಗಳನ್ನು ಕಳುಹಿಸಿ, "ಹೇಗಿದೆ ಸಾರ್? ನಿಮ್ಮ ಅಭಿಪ್ರಾಯ ತಿಳಿಸಿ" ಎಂದು ಕೇಳಿದ. ಗಾಜು ಹೊದಿಸಿದ ವಿಶಾಲವಾದ ಮೇಜು, ಎತ್ತರದ ಬೆನ್ನಿನ ತಿರುಗುಕುರ್ಚಿ, ಅದರ ಬೆನ್ನಿಗೆ ಹೊದಿಸಿದ ಬಿಳಿಯ ಟವೆಲು, ಗೋಡೆಯ ಮೇಲೆ ಹಿಂದಿನ ಅಧಿಕಾರಿಗಳ ಹೆಸರು ಮತ್ತು ಅವಧಿಗಳನ್ನು ಬರೆದ ಫಲಕ. ಎಲ್ಲವೂ ಒಪ್ಪವಾಗಿತ್ತು. ಆದರೆ ಕೊನೆಯ ಚಿತ್ರದ ಅಂಚಿನಲ್ಲಿ, ತೆರೆದ ಬಾಗಿಲಿನಾಚೆಯ ಪಡಸಾಲೆಯಲ್ಲಿ, ಐದಾರು ಮಂದಿ ಗೋಡೆಗೊರಗಿ ನಿಂತಿದ್ದರು. ವೃದ್ಧೆಯೊಬ್ಬರು ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು ನೆಲದ ಮೇಲೆಯೇ ಕುಳಿತಿದ್ದರು. ಚಿತ್ರ ತೆಗೆದವರ ಗಮನಕ್ಕೆ ಅವರು ಬಂದಿರಲಾರರು.

ನಾನು ಅವನಿಗೆ "ಸಂತೋಷವಾಯಿತು, ಶುಭವಾಗಲಿ" ಎಂದಷ್ಟೇ ಉತ್ತರಿಸಿದೆ. ಉಳಿದ ಅಭಿಪ್ರಾಯ ಎರಡು ಸಾಲಿನಲ್ಲಿ ಹೇಳುವಂಥದ್ದಾಗಿರಲಿಲ್ಲ. ಅದನ್ನು ಇಲ್ಲಿ ಬರೆಯುವೆನೆಂದು ಅವನಿಗೆ ತಿಳಿಸಿ, ಅವನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ನಿಮ್ಮಲ್ಲಿ ಅನೇಕರು ಇಂದು ಒಂದಲ್ಲ ಒಂದು ಮೇಜಿನ ಹಿಂದೆ ಕುಳಿತಿರುವವರಾದ್ದರಿಂದ ಇದು ಅವನೊಬ್ಬನಿಗೇ ಬರೆದ ಪತ್ರವೂ ಅಲ್ಲ.

ಕಚೇರಿ ಎಂಬ ವ್ಯವಸ್ಥೆಗೂ ಅದರ ಸಾಮಾನು ಸರಂಜಾಮಿಗೂ ಇರುವ ನಂಟು ಬಹಳ ಹಳೆಯದು. ನಾವು ಇಂದು ಫೈಲು ಎಂಬುದಕ್ಕೆ ಬಳಸುವ 'ಕಡತ' ಎಂಬ ಶಬ್ದವನ್ನೇ ನೋಡಿ. ಕಡತವೆಂದರೆ ಮೂಲತಃ ಒಂದು ಬಟ್ಟೆ. ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಅದರ ಮೇಲೆ ಬಳಪದಿಂದ ಲೆಕ್ಕಪತ್ರಗಳನ್ನು ಬರೆಯುತ್ತಿದ್ದರು. ಶೃಂಗೇರಿ ಮಠದ ಕಡತಗಳು ಇತಿಹಾಸ ಓದಿದವರಿಗೆಲ್ಲ ಪರಿಚಿತ. ನಮ್ಮ ಹಿರಿಯರು ಆಡುತ್ತಿದ್ದ 'ದಫ್ತರ' ಎಂಬ ಮಾತು ಪಾರಸಿಯಿಂದ ಬಂದದ್ದು, ಅದರ ಮೂಲ ಗ್ರೀಕ್ ಭಾಷೆಯಲ್ಲಿ ತೊಗಲು ಎಂಬ ಅರ್ಥದ ಶಬ್ದ. ಫ್ರೆಂಚರ 'ಬ್ಯೂರೋ' ಬರೆಯುವ ಮೇಜಿಗೆ ಹಾಸುತ್ತಿದ್ದ ಒರಟು ಉಣ್ಣೆ ಬಟ್ಟೆಯ ಹೆಸರಿನಿಂದ ಹುಟ್ಟಿತು. ಬಟ್ಟೆಯ ಹೆಸರು ಮೇಜಿಗೆ ಬಂತು, ಮೇಜಿನ ಹೆಸರು ಕಚೇರಿಗೆ ಬಂತು, ಕಡೆಗೆ ಅಧಿಕಾರಶಾಹಿಗೇ 'ಬ್ಯೂರಾಕ್ರಸಿ' ಎಂಬ ಹೆಸರಾಯಿತು. ಬಟ್ಟೆ, ತೊಗಲು, ಮೇಜು ಇವುಗಳ ಹೆಸರಿನಲ್ಲೇ ಆಡಳಿತ ಗುರುತಿಸಿಕೊಂಡಿದೆ. ಹಾಗಿರುವಾಗ ಕಚೇರಿಯ ಪೀಠೋಪಕರಣವೆಂದರೆ ಬರಿಯ ಅಲಂಕಾರವೆಂದು ತಿಳಿಯುವುದು ತಪ್ಪು. ಯಾವ ಕಚೇರಿ ಯಾರಿಗಾಗಿ ನಡೆಯುತ್ತಿದೆ ಎಂಬುದನ್ನು ಅದರ ಕುರ್ಚಿ ಮೇಜುಗಳು ಬಾಯಿಬಿಟ್ಟು ಹೇಳುತ್ತವೆ. ಕೇಳುವ ವ್ಯವಧಾನ ಬೇಕು, ಅಷ್ಟೆ.

ನಾನು ಬಾಲ್ಯದಲ್ಲಿ ಕಂಡ ಮೊದಲ ಕಚೇರಿ ನಮ್ಮೂರ ಶಾನುಭೋಗರ ಜಗಲಿ. ಒಂದು ಚಾಪೆ, ಮುಂದೆ ಇಳಿಜಾರು ಮುಚ್ಚಳದ ಚಿಕ್ಕ ಪೆಟ್ಟಿಗೆ, ಅದರೊಳಗೆ ಮಸಿಕುಡಿಕೆ ಮತ್ತು ಲೇಖಣಿ, ಪಕ್ಕದಲ್ಲಿ ಬಟ್ಟೆಯಲ್ಲಿ ಕಟ್ಟಿದ ಲೆಕ್ಕದ ಗಂಟು. ಪಹಣಿಯ ವಿಚಾರವಾಗಿ ಬಂದ ರೈತನೂ ಅದೇ ಜಗಲಿಯ ತುದಿಯಲ್ಲಿ ಕುಳಿತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ. ಇಬ್ಬರೂ ಕುಳಿತ ಎತ್ತರ ಒಂದೇ. ಇದನ್ನು ನೆನೆದು ಹಳೆಯ ಕಾಲವೇ ಚೆನ್ನಾಗಿತ್ತೆಂದು ಹಾಡಿ ಹೊಗಳುವವರನ್ನು ನಾನು ಬಲ್ಲೆ. ಅವರು ಎರಡು ಸಂಗತಿಗಳನ್ನು ಮರೆಯುತ್ತಾರೆ. ಮೊದಲನೆಯದು, ಆ ಜಗಲಿಯನ್ನು ಏರುವ ಅವಕಾಶ ಎಲ್ಲರಿಗೂ ಇರಲಿಲ್ಲ. ಊರಿನ ಅರ್ಧ ಜನ ಅಂಗಳದಲ್ಲೇ ನಿಂತು, ಕೈಕಟ್ಟಿ ಮಾತನಾಡಬೇಕಾಗಿತ್ತು. ಎರಡನೆಯದು, ಗಂಟಿನೊಳಗೆ ಏನು ಬರೆದಿದೆ ಎಂಬುದು ಶಾನುಭೋಗರೊಬ್ಬರಿಗೇ ಗೊತ್ತು. ಜಗಲಿಯ ಮೇಲೆ ಕುಳಿತವನಿಗೂ ತನ್ನ ಹೊಲದ ಲೆಕ್ಕ ತನಗೆ ಕಾಣುತ್ತಿರಲಿಲ್ಲ. ವಂಶಪಾರಂಪರ್ಯದ ಈ ಗ್ರಾಮಾಧಿಕಾರಗಳನ್ನು ರದ್ದುಪಡಿಸುವ ಕಾಯಿದೆ ೧೯೬೧ರಲ್ಲಿ ಬಂದು ೧೯೬೩ರಲ್ಲಿ ಜಾರಿಯಾಯಿತು. ಅದು ಆಗಬೇಕಾದದ್ದೇ.

ಇನ್ನು ದೊಡ್ಡ ಕಚೇರಿಗಳ ಮಾತು. ಚಿಕ್ಕದೇವರಾಜ ಒಡೆಯರು ಆಡಳಿತವನ್ನು ಹದಿನೆಂಟು ಇಲಾಖೆಗಳಾಗಿ ವಿಂಗಡಿಸಿದರೆಂದು ಇತಿಹಾಸದ ಪಾಠದಲ್ಲಿ ನಿಮಗೆ ಹೇಳಿದ್ದೆ. ಆ ಹದಿನೆಂಟರಿಂದಲೇ 'ಅಠಾರಾ ಕಚೇರಿ' ಎಂಬ ಹೆಸರು ಬಂದಿತು. ೧೮೬೮ರಲ್ಲಿ ಪೂರ್ಣಗೊಂಡ ಬೆಂಗಳೂರಿನ ಕೆಂಪು ಕಟ್ಟಡಕ್ಕೂ ಅದೇ ಹೆಸರು ನಿಂತಿತು. ಬ್ರಿಟಿಷರ ಕಾಲದ ಕಚೇರಿಯಲ್ಲಿ ಜಗಲಿ ಹೋಗಿ ಮೇಜು ಬಂತು, ಚಾಪೆ ಹೋಗಿ ಕುರ್ಚಿ ಬಂತು. ಕುರ್ಚಿ ಅರಬ್ಬೀ ಮೂಲದ ಶಬ್ದ. ನಮ್ಮಲ್ಲಿ ಅದು ಎಷ್ಟು ಬೇಗ ಅಧಿಕಾರಕ್ಕೆ ಪರ್ಯಾಯಪದವಾಯಿತೆಂದರೆ, 'ಕುರ್ಚಿಗಾಗಿ ಕಿತ್ತಾಟ' ಎಂದರೆ ಇಂದು ಯಾರೂ ಬಡಗಿಯ ಅಂಗಡಿಯನ್ನು ನೆನೆಯುವುದಿಲ್ಲ. ಸ್ವಾತಂತ್ರ್ಯಾನಂತರ, ೧೯೫೧ರಲ್ಲಿ ಶಂಕುಸ್ಥಾಪನೆಯಾಗಿ ೧೯೫೬ರಲ್ಲಿ ಮುಗಿದ ವಿಧಾನಸೌಧದ ಮೇಲೆ ಕೆಂಗಲ್ ಹನುಮಂತಯ್ಯನವರ ಆಶಯದಂತೆ 'ಸರ್ಕಾರದ ಕೆಲಸ ದೇವರ ಕೆಲಸ' ಎಂದು ಕೆತ್ತಲಾಯಿತು. ಮಾತು ದೊಡ್ಡದು. ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡನೆಂಬ ಗಾದೆಯನ್ನು ಜನ ಮರೆಯದಂತೆ ನೋಡಿಕೊಂಡದ್ದು ಕೆಳಗಿನ ಮೇಜುಗಳು.

ಹೊರದೇಶಗಳಲ್ಲಿ ಕಚೇರಿ ನಿರ್ವಹಣೆ ಎಂಬುದು ಒಂದು ಶಾಸ್ತ್ರವಾಗಿಯೇ ಬೆಳೆಯಿತು. ಅಮೆರಿಕದ ವೂಟನ್ ಎಂಬಾತ ೧೮೭೪ರಲ್ಲಿ ಪೇಟೆಂಟ್ ಪಡೆದ ಮೇಜೊಂದಿತ್ತು. ಬೀರುವಿನಂತೆ ಎರಡು ಬಾಗಿಲು ತೆರೆದರೆ ಒಳಗೆ ನೂರಕ್ಕೂ ಹೆಚ್ಚು ಗೂಡುಗಳು. ಯಜಮಾನನ ವ್ಯವಹಾರವೆಲ್ಲ ಆ ಒಂದು ಮೇಜಿನೊಳಗೆ, ಕೀಲಿಕೈ ಅವನ ಜೇಬಿನಲ್ಲಿ. ವ್ಯಾಪಾರ ಬೆಳೆದು ಕಾಗದ ಹೆಚ್ಚಿದಾಗ ಗೂಡುಗಳು ಸಾಲದೆ ಹೋದವು. ೧೮೯೦ರ ದಶಕದಲ್ಲಿ ಕಾಗದಗಳನ್ನು ನೆಟ್ಟಗೆ ನಿಲ್ಲಿಸಿ ಜೋಡಿಸುವ ಸೆಳೆಖಾನೆಯ ಪೆಟ್ಟಿಗೆ, ನಾವು ಫೈಲಿಂಗ್ ಕ್ಯಾಬಿನೆಟ್ ಎನ್ನುವುದು, ಬಳಕೆಗೆ ಬಂತು. ಮಾಹಿತಿ ಒಬ್ಬನ ಮೇಜಿನಿಂದ ಬಿಡುಗಡೆಯಾಗಿ ಇಡೀ ಕಚೇರಿಯ ಸೊತ್ತಾಯಿತು. ಇದು ಸಣ್ಣ ಬದಲಾವಣೆಯಲ್ಲ. ಒಬ್ಬರು ರಜೆ ಹಾಕಿದರೆ ಕೆಲಸ ನಿಲ್ಲಬೇಕಾಗಿಲ್ಲ ಎಂಬ ತತ್ತ್ವ ಆ ಕಬ್ಬಿಣದ ಪೆಟ್ಟಿಗೆಯೊಳಗಿತ್ತು. ನಮ್ಮ ಅನೇಕ ಕಚೇರಿಗಳು ಪೆಟ್ಟಿಗೆಯನ್ನು ಮಾತ್ರ ಕೊಂಡುಕೊಂಡವು, ತತ್ತ್ವವನ್ನು ಕೊಳ್ಳಲಿಲ್ಲ. ೧೯೨೩ರಿಂದ ತಯಾರಾಗತೊಡಗಿದ ಗೋದ್ರೆಜ್ ಉಕ್ಕಿನ ಬೀರುಗಳು ಕಾಲಕ್ರಮದಲ್ಲಿ ನಮ್ಮಲ್ಲಿ ಮನೆಮಾತಾದವು. ಆದರೂ "ಬೀರುವಿನ ಬೀಗದ ಕೈ ಅವರ ಹತ್ತಿರ ಇದೆ, ಅವರು ರಜೆ" ಎಂಬ ಉತ್ತರವನ್ನು ಕೇಳದ ಕನ್ನಡಿಗನುಂಟೇ?

೧೯೧೧ರಲ್ಲಿ ಫ್ರೆಡರಿಕ್ ಟೇಲರ್ ವೈಜ್ಞಾನಿಕ ನಿರ್ವಹಣೆಯ ಬಗ್ಗೆ ತನ್ನ ಪ್ರಸಿದ್ಧ ಪುಸ್ತಕ ಪ್ರಕಟಿಸಿದ. ಅವನ ಹಾದಿ ಹಿಡಿದ ಲೆಫಿಂಗ್‌ವೆಲ್ ಎಂಬಾತ ೧೯೧೭ರಲ್ಲಿ ಅದನ್ನು ಕಚೇರಿಗೆ ಅನ್ವಯಿಸಿ ಬರೆದ. ಗುಮಾಸ್ತರು ನೀರು ಕುಡಿಯಲು ಎದ್ದು ಹೋಗುವುದರಲ್ಲೇ ವರ್ಷಕ್ಕೆ ಎಷ್ಟು ಮೈಲಿ ನಡೆಯುತ್ತಾರೆಂದು ಲೆಕ್ಕ ಹಾಕಿದ ಪುಣ್ಯಾತ್ಮ ಅವನು. ಇದಕ್ಕೂ ಮುಂಚೆ, ೧೯೦೬ರಲ್ಲಿ, ಫ್ರಾಂಕ್ ಲಾಯ್ಡ್ ರೈಟ್ ಬಫಲೋ ನಗರದಲ್ಲಿ ಕಟ್ಟಿಸಿದ ಲಾರ್ಕಿನ್ ಕಟ್ಟಡದಲ್ಲಿ ಲೋಹದ ಮೇಜಿಗೇ ಕುರ್ಚಿಯನ್ನು ಜೋಡಿಸಲಾಗಿತ್ತು. ನೆಲ ಗುಡಿಸಲು ಅನುಕೂಲ, ನಿಜ. ಆದರೆ ಕುಳಿತವನು ಕುರ್ಚಿಯನ್ನು ತನಗೆ ಬೇಕಾದಷ್ಟು ಹಿಂದೆ ಸರಿಸುವಂತಿಲ್ಲ. ಒಟ್ಟಿನಲ್ಲಿ ಮೇಲ್ವಿಚಾರಕನ ಕಣ್ಣಿಗೆ ಎಲ್ಲರೂ ಕಾಣಬೇಕು, ಯಾರೂ ಅಲುಗಬಾರದು ಎಂಬುದೇ ಆ ಕಾಲದ ನಿರ್ವಹಣೆಯ ಮಂತ್ರವಾಯಿತು.

ಇದಕ್ಕೆ ವಿರುದ್ಧವಾಗಿ ಯೋಚಿಸಿದವನು ರಾಬರ್ಟ್ ಪ್ರಾಪ್‌ಸ್ಟ್. ಹರ್ಮನ್ ಮಿಲ್ಲರ್ ಎಂಬ ಪೀಠೋಪಕರಣ ಸಂಸ್ಥೆಯ ಪರವಾಗಿ ಅವನು ವರ್ಷಗಟ್ಟಲೆ ಅಧ್ಯಯನ ನಡೆಸಿದ. ಮನುಷ್ಯ ಒಂದೇ ಭಂಗಿಯಲ್ಲಿ ದಿನವಿಡೀ ಕುಳಿತಿರಲಾರ, ನಿಂತೂ ಬರೆಯುವಂತಿರಬೇಕು, ಒಂದಿಷ್ಟು ಏಕಾಂತವೂ ಬೇಕು, ಸಹೋದ್ಯೋಗಿಯ ಮುಖವೂ ಕಾಣಬೇಕು ಎಂಬುದು ಅವನ ನಿಲುವು. ೧೯೬೪ರಲ್ಲಿ ಒಮ್ಮೆ, ೧೯೬೮ರಲ್ಲಿ ಸುಧಾರಿಸಿ ಇನ್ನೊಮ್ಮೆ 'ಆ್ಯಕ್ಷನ್ ಆಫೀಸ್' ಎಂಬ ಹೆಸರಿನಲ್ಲಿ ಬೇಕಾದ ಕೋನಕ್ಕೆ ತಿರುಗಿಸಿಕೊಳ್ಳಬಹುದಾದ ಅಡ್ಡಗೋಡೆಗಳ ವ್ಯವಸ್ಥೆ ಹೊರಬಂತು. ಕೊಂಡ ಕಂಪನಿಗಳು ಮಾಡಿದ್ದೇನು? ಅಡ್ಡಗೋಡೆಗಳನ್ನು ಲಂಬಕೋನದಲ್ಲಿ ನಿಲ್ಲಿಸಿ, ಕಡಿಮೆ ಜಾಗದಲ್ಲಿ ಹೆಚ್ಚು ಜನರನ್ನು ತುಂಬಿದವು. ನಿಮ್ಮಲ್ಲಿ ಐ.ಟಿ. ಉದ್ಯೋಗದಲ್ಲಿರುವವರಿಗೆ ಚಿರಪರಿಚಿತವಾದ 'ಕ್ಯುಬಿಕಲ್' ಹುಟ್ಟಿದ್ದು ಹೀಗೆ. ತನ್ನ ಕಲ್ಪನೆಗೆ ಒದಗಿದ ಈ ಗತಿಯನ್ನು ಪ್ರಾಪ್‌ಸ್ಟ್ ತನ್ನ ವೃದ್ಧಾಪ್ಯದಲ್ಲಿ ಹುಚ್ಚುತನವೆಂದೇ ಖಂಡಿಸಿದ.

ಈ ಕಥೆಯಿಂದ ನನಗೆ ತಿಳಿದುಬರುವುದು ಇಷ್ಟು: ಪೀಠೋಪಕರಣವು ಅದನ್ನು ರೂಪಿಸಿದವನ ಮಾತನ್ನು ಕೇಳುವುದಿಲ್ಲ, ಕೊಂಡವನ ಮಾತನ್ನು ಕೇಳುತ್ತದೆ. ಇನ್ನೊಂದನ್ನೂ ಗಮನಿಸಿ. ವೂಟನ್ನನಿಂದ ಪ್ರಾಪ್‌ಸ್ಟ್‌ನವರೆಗೆ ಇಷ್ಟೆಲ್ಲ ಚಿಂತನೆ ನಡೆದದ್ದು ಮೇಜಿನ ಆಚೆ ಕುಳಿತವನ ಬಗ್ಗೆ. ಅವನಿಂದ ಹೆಚ್ಚು ಕೆಲಸ ತೆಗೆಯುವುದು ಹೇಗೆ, ಅವನನ್ನು ಕಾಯುವುದು ಹೇಗೆ, ಅವನ ಬೆನ್ನುನೋವು ಕಳೆಯುವುದು ಹೇಗೆ. ಮೇಜಿನ ಈಚೆ ಬದಿಗೆ ಬರುವವನು, ಯಾರ ಕೆಲಸಕ್ಕಾಗಿ ಆ ಕಚೇರಿ ಇದೆಯೋ ಅವನು, ಈ ಶಾಸ್ತ್ರದಲ್ಲಿ ಎಲ್ಲಿದ್ದಾನೆ?

ನಾನು ಈಚೆ ಬದಿಯಲ್ಲಿ ನಿಂತದ್ದು ನಿವೃತ್ತಿಯ ನಂತರ. ನನ್ನ ಸೇವಾ ಪುಸ್ತಕದಲ್ಲಿ ಒಂದು ವರ್ಷದ ವೇತನ ಬಡ್ತಿಯ ನಮೂದಿಗೆ ಮೇಲುಸಹಿ ಬಿದ್ದಿರಲಿಲ್ಲ. ಅದರಿಂದಾಗಿ ಪಿಂಚಣಿ ಕಡತ ಒಂದೆಡೆ ಕುಳಿತಿತ್ತು. ಕಡತ ಕುಳಿತಿದ್ದರಿಂದ ನಾನು ನಿಲ್ಲಬೇಕಾಯಿತು. ಆ ಕಚೇರಿಯ ಹೆಸರು ಇಲ್ಲಿ ಅನಗತ್ಯ. ಏಳು ಸಲ ಹೋದೆ. ವಿಷಯ ನಿರ್ವಾಹಕರ ಮೇಜಿನ ಈಚೆ ಒಂದು ಕುರ್ಚಿಯೇನೋ ಇತ್ತು, ಅದರ ಮೇಲೆ ಕಡತಗಳ ರಾಶಿ ಇತ್ತು. ಕೈಯಲ್ಲಿ ಕೊಡೆ ಹಿಡಿದು ಆ ರಾಶಿಯ ಪಕ್ಕದಲ್ಲಿ ನಿಂತಾಗ ನಾನು ಕಂಡುಕೊಂಡ ಸತ್ಯವೊಂದಿದೆ. ನಿಂತವನು ಮಾತನಾಡುವ ರೀತಿಯೇ ಬೇರೆ. ಮೂವತ್ತಕ್ಕೂ ಹೆಚ್ಚು ವರ್ಷ ತರಗತಿಯಲ್ಲಿ ನಿಂತೇ ಪಾಠ ಹೇಳಿದವನು ನಾನು, ಆಗ ಎದುರಿಗಿದ್ದವರು ಕುಳಿತಿದ್ದರೂ ನನ್ನ ದನಿ ಕುಗ್ಗಿರಲಿಲ್ಲ. ಇಲ್ಲಿ ಮಾತ್ರ ನನ್ನ ವಾಕ್ಯಗಳು ತಾವಾಗಿಯೇ ಗಿಡ್ಡವಾದವು. 'ದಯವಿಟ್ಟು' ಎಂಬ ಪದ ಬೇಡದ ಕಡೆಯೆಲ್ಲ ನುಸುಳಿತು. ನನಗೆ ಬರಬೇಕಾದ ಹಣವನ್ನೇ ನಾನು ಬೇಡುತ್ತಿದ್ದೆ.

ಇದನ್ನು ನಾನು ಬಹುಕಾಲ ಆ ಕಚೇರಿಯವರ ಅಪರಾಧವೆಂದೇ ಹೇಳಿಕೊಂಡು ಓಡಾಡಿದೆ. ಮುಂದೊಂದು ದಿನ ನೀವೆಲ್ಲ ಸೇರಿ ಗುರುವಂದನಾ ಕಾರ್ಯಕ್ರಮ ಏರ್ಪಡಿಸಿದಿರಿ. ನಮ್ಮನ್ನೆಲ್ಲ ಮದುವೆ ಮಂಟಪದ ಸಿಂಹಾಸನದಂತಹ ಕುರ್ಚಿಗಳಲ್ಲಿ ಕೂರಿಸಿ ಶಾಲು ಹೊದಿಸಿದಿರಿ. ಊಟದ ಹೊತ್ತಿಗೆ ನಿಮ್ಮಲ್ಲೊಬ್ಬ ನನ್ನ ಪಕ್ಕ ಬಂದು ಕುಳಿತು, ಬಹಳ ಮೆಲ್ಲಗೆ ಹೇಳಿದ: "ಸಾರ್, ಎಸ್.ಎಸ್.ಎಲ್.ಸಿ. ಪರೀಕ್ಷಾ ಶುಲ್ಕ ಕಟ್ಟಲು ಅಪ್ಪನಿಗೆ ನೀವು ಒಂದು ವಾರ ಗಡುವು ಕೊಟ್ಟಿರಿ. ಅದನ್ನು ಮರೆತಿಲ್ಲ. ಆದರೆ ಅವತ್ತು ನಾನು ಕಿಟಕಿಯಿಂದ ನೋಡುತ್ತಿದ್ದೆ. ಅಪ್ಪ ಅಷ್ಟು ಹೊತ್ತೂ ನಿಂತೇ ಇದ್ದರು. ನಿಮ್ಮ ಮುಂದೆ ಎರಡು ಕುರ್ಚಿ ಖಾಲಿ ಇದ್ದವು ಸಾರ್."

ಅವನ ದನಿಯಲ್ಲಿ ಆಕ್ಷೇಪಣೆ ಇರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ನಾನು ಆ ತಂದೆಯನ್ನು ನೆನಪಿಸಿಕೊಳ್ಳಲು ಯತ್ನಿಸಿದೆ. ಅವರ ಮುಖ ನೆನಪಿಗೆ ಬರಲಿಲ್ಲ. ಮುಖ್ಯೋಪಾಧ್ಯಾಯನ ಕೊಠಡಿಯಲ್ಲಿದ್ದ ಆ ಎರಡು ಬೆತ್ತದ ಕುರ್ಚಿಗಳು ಮಾತ್ರ ಕಣ್ಣಿಗೆ ಕಟ್ಟಿದಂತೆ ನೆನಪಿದ್ದವು. ಅವುಗಳಲ್ಲಿ ಕುಳಿತವರು ಯಾರು? ಇಲಾಖೆಯ ಪರಿವೀಕ್ಷಕರು, ಊರಿನ ಗಣ್ಯರು, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದ ಪೋಷಕರು. ಕೂಲಿಯ ಬಟ್ಟೆಯಲ್ಲೇ ಬಂದವರು ತಾವಾಗಿ ಕೂರುತ್ತಿರಲಿಲ್ಲ, ನಾನಾಗಿ ಹೇಳುತ್ತಿರಲಿಲ್ಲ. ನಾನು ಅವರನ್ನು ನಿಲ್ಲಿಸಿದ್ದೆನೆಂದು ಆಗ ನನಗೆ ಅನ್ನಿಸಿರಲೇ ಇಲ್ಲ. ಅಂಗಳದಲ್ಲಿ ಕೈಕಟ್ಟಿ ನಿಲ್ಲುವ ಪದ್ಧತಿ ಶಾನುಭೋಗಿಕೆಯೊಂದಿಗೆ ೧೯೬೩ರಲ್ಲಿ ರದ್ದಾಗಲಿಲ್ಲ. ಅದು ನನ್ನ ಕೊಠಡಿಯಲ್ಲೇ ನಡೆದುಕೊಂಡು ಬಂದಿತ್ತು.

ಸಂಬಂಧಿಯೊಬ್ಬರು, ಗುಮಾಸ್ತರಾಗಿ ದುಡಿದು ನಿವೃತ್ತರಾದವರು, ಈ ವಿಷಯದಲ್ಲಿ ನನ್ನೊಡನೆ ವಾದಿಸಿದ್ದುಂಟು. "ಭಾವ, ನೀವು ಹೇಳುವುದು ಸರಿ. ಆದರೆ ನಮಗೇ ಕುರ್ಚಿ ಇರುತ್ತಿರಲಿಲ್ಲ. ಐದು ಜನಕ್ಕೆ ಮೂರು ಕುರ್ಚಿ, ಅದರಲ್ಲೊಂದಕ್ಕೆ ಕಾಲಿಲ್ಲ. ಬಂದವರನ್ನೆಲ್ಲ ಕೂರಿಸಿದರೆ ಅವರು ಏಳುವುದೂ ಇಲ್ಲ, ಕೆಲಸ ಸಾಗುವುದೂ ಇಲ್ಲ" ಎಂದರು. ಮೊದಲ ಮಾತನ್ನು ಒಪ್ಪುತ್ತೇನೆ. ಖಾಲಿ ಹುದ್ದೆಗಳ ಭಾರವನ್ನೂ ಹೊತ್ತು, ಮುರುಕು ಕುರ್ಚಿಯಲ್ಲಿ ಕುಳಿತವನಿಂದ ಸೌಜನ್ಯವನ್ನು ಮಾತ್ರ ಅಪೇಕ್ಷಿಸುವುದು ನ್ಯಾಯವಲ್ಲ. ಎರಡನೆಯದನ್ನು ಒಪ್ಪಲಾರೆ. ಕುಳಿತು, ತನ್ನ ವಿಷಯವನ್ನು ಒಮ್ಮೆ ಪೂರ್ತಿಯಾಗಿ ಹೇಳಿ, ಏನು ಕಾಗದ ಬೇಕೆಂದು ಪೂರ್ತಿಯಾಗಿ ಕೇಳಿಸಿಕೊಂಡು ಹೋದವನು ಮರಳಿ ಬರುವುದು ಒಮ್ಮೆ. ನಿಂತೇ ಅರ್ಧಂಬರ್ಧ ಕೇಳಿಸಿಕೊಂಡವನು ಏಳು ಸಲ ಬರುತ್ತಾನೆ. ಇದಕ್ಕೆ ನಾನೇ ಸಾಕ್ಷಿ. ಲೆಫಿಂಗ್‌ವೆಲ್ ನೀರಿಗಾಗಿ ನಡೆದ ಮೈಲಿಗಳನ್ನು ಎಣಿಸಿದ. ಒಂದು ಸಹಿಗಾಗಿ ಜನ ನಡೆದ ಮೈಲಿಗಳನ್ನು ಯಾರೂ ಎಣಿಸಲಿಲ್ಲ.

ಕಚೇರಿಯನ್ನು ಈಚೆ ಬದಿಗೂ ತಿರುಗಿಸಬಹುದೆಂಬುದಕ್ಕೆ ನಮ್ಮ ರಾಜ್ಯದಲ್ಲೇ ನಿದರ್ಶನವಿದೆ. ಸುಮಾರು ಎರಡು ಕೋಟಿ ಪಹಣಿಗಳನ್ನು ಗಣಕೀಕರಿಸಿದ 'ಭೂಮಿ' ಯೋಜನೆ ೨೦೦೦ದ ಆಸುಪಾಸಿನಲ್ಲಿ ಜಾರಿಗೆ ಬಂದಾಗ ತಾಲ್ಲೂಕು ಕಚೇರಿಗಳಲ್ಲಿ ಹದಿನೈದು ರೂಪಾಯಿಗೆ ಪಹಣಿ ಸಿಗತೊಡಗಿದ್ದು ನಿಮಗೆ ನೆನಪಿರಬಹುದು. ಅದರ ವಿನ್ಯಾಸದಲ್ಲಿ ಒಂದು ಚಿಕ್ಕ ಅಂಶವಿತ್ತು. ಕೌಂಟರಿನಲ್ಲಿ ಎರಡು ಪರದೆಗಳು, ಒಂದು ಸಿಬ್ಬಂದಿಯ ಕಡೆಗೆ, ಇನ್ನೊಂದು ರೈತನ ಕಡೆಗೆ. ಆಚೆ ಕುಳಿತವನು ಏನು ಮಾಡುತ್ತಿದ್ದಾನೆಂದು ಈಚೆ ನಿಂತವನಿಗೂ ಕಾಣುವ ಏರ್ಪಾಡು. ಶಾನುಭೋಗರ ಗಂಟಿನೊಳಗೆ ತಲತಲಾಂತರದಿಂದ ಅಡಗಿದ್ದ ಲೆಕ್ಕ ಹೊಲದ ಒಡೆಯನಿಗೆ ಮುಖ ತಿರುಗಿಸಿತು. ಕಚೇರಿಯ ಪೀಠೋಪಕರಣದ ಚರಿತ್ರೆಯಲ್ಲಿ ವೂಟನ್ನನ ನೂರು ಗೂಡುಗಳಿಗಿಂತ ಆ ಎರಡನೆಯ ಪರದೆ ದೊಡ್ಡದೆಂದು ನಾನು ಭಾವಿಸುತ್ತೇನೆ. ೨೦೧೧ರ ಕಾಯಿದೆಯಡಿ ಬಂದ 'ಸಕಾಲ'ವು ಸೇವೆಗೆ ದಿನಗಳ ಗಡುವು ವಿಧಿಸಿತು. ಅಂಗಡಿಗಳಲ್ಲಿ ದಿನವಿಡೀ ನಿಂತು ದುಡಿಯುವವರಿಗೆ ಕೂರಲು ಆಸನ ಒದಗಿಸಬೇಕೆಂದು ಕೇರಳ ೨೦೧೮ರಲ್ಲೂ ತಮಿಳುನಾಡು ೨೦೨೧ರಲ್ಲೂ ಕಾನೂನನ್ನೇ ತಿದ್ದಿದವು. ಕೂರುವುದು ಕ್ಷುಲ್ಲಕ ವಿಷಯವಲ್ಲವೆಂದು ಶಾಸನಸಭೆಗಳೂ ಒಪ್ಪಿವೆ ಎಂದಾಯಿತು.

ಈಗ ಎಲ್ಲವೂ ಆನ್‌ಲೈನ್ ಸಾರ್, ಇನ್ನು ಕುರ್ಚಿ ಯಾಕೆ ಎಂದು ನೀವು ಕೇಳಬಹುದು. ಬಲ್ಲವರಿಗೆ ಅದು ವರವೇ, ಅನುಮಾನವಿಲ್ಲ. ಆದರೆ ಹೆಬ್ಬೆರಳಿನ ಗೆರೆ ಸವೆದು ಯಂತ್ರಕ್ಕೆ ಗುರುತು ಸಿಗದ ಮುದುಕಿ, ಹೆಸರಿನ ಒಂದಕ್ಷರ ತಪ್ಪಾಗಿ ನಮೂದಾದ ರೈತ, 'ಸರ್ವರ್ ಇಲ್ಲ, ನಾಳೆ ಬನ್ನಿ' ಎನ್ನಿಸಿಕೊಂಡ ವಿಧವೆ, ಇವರು ಕೊನೆಗೆ ಬರುವುದು ನಿಮ್ಮ ಪಡಸಾಲೆಗೇ. ಯಂತ್ರ ಬಿಡಿಸಲಾರದ ಗಂಟುಗಳಷ್ಟೇ ಕಚೇರಿಗೆ ಉಳಿದಿರುವುದರಿಂದ, ಈಗ ಬರುವವರು ಹಿಂದಿಗಿಂತ ಹೆಚ್ಚು ನೊಂದವರೇ ಆಗಿರುತ್ತಾರೆ.

ನಮ್ಮ ಮನೆಗಳಲ್ಲಿ ಅತಿಥಿ ಬಂದರೆ ಮೊದಲು ಮಣೆ ಹಾಕುತ್ತಿದ್ದರು, ಆಮೇಲೆ ನೀರು ಬೆಲ್ಲ, ಆಮೇಲೆ ಬಂದ ಕಾರಣ. 'ಮಣೆ ಹಾಕು' ಎಂಬುದು ಮನ್ನಣೆ ಕೊಡುವುದಕ್ಕೇ ನುಡಿಗಟ್ಟಾದದ್ದು ಹೀಗೆ. ಕಚೇರಿಯಲ್ಲಿ ನಾವು ಪ್ರಭಾವಕ್ಕೆ ಮಾತ್ರ ಮಣೆ ಹಾಕಿದೆವು.

ಆದ್ದರಿಂದ ಚಿತ್ರ ಕಳುಹಿಸಿದ ನನ್ನ ಪ್ರೀತಿಯ ಶಿಷ್ಯನಿಗೆ, ಅವನ ಮೂಲಕ ನಿಮ್ಮೆಲ್ಲರಿಗೆ, ನನ್ನ ಅಭಿಪ್ರಾಯವಿದು. ಮೇಜು ಚೆನ್ನಾಗಿದೆ, ಇರಲಿ. ಕುರ್ಚಿಯೂ ಇರಲಿ, ಬೆನ್ನಿಗೆ ಒಳ್ಳೆಯದು. ಟವೆಲಿನ ಪ್ರಯೋಜನ ನನಗೆ ತಿಳಿಯದು. ನಾಳೆ ಬೆಳಿಗ್ಗೆ ಕಚೇರಿಗೆ ಅರ್ಧ ಗಂಟೆ ಮುಂಚೆ ಹೋಗು. ಪಡಸಾಲೆಯಲ್ಲಿ, ಆ ಅಜ್ಜಿ ಕುಳಿತಿದ್ದ ಜಾಗದಲ್ಲಿ ಹತ್ತು ನಿಮಿಷ ಕುಳಿತು ನಿನ್ನ ಬಾಗಿಲನ್ನು ನೋಡು. ಆಮೇಲೆ ಒಳಗೆ ಬಂದು ಮೇಜಿನ ಈಚೆ ನಿಂತು ನಿನ್ನ ಕುರ್ಚಿಯನ್ನು ನೋಡು. ಪಡಸಾಲೆಗೆ ಎರಡು ಬೆಂಚು, ಮೇಜಿನ ಮುಂದೆ ಕಡತಗಳಿಲ್ಲದ ಒಂದು ಕುರ್ಚಿ, ಇವಕ್ಕೆ ಹೊಸ ಅನುದಾನ ಬೇಕಾಗಲಾರದು. ಬಂದವರಿಗೆ "ಕೂತ್ಕೊಳ್ಳಿ" ಎಂದು ನೀನೇ ಹೇಳಬೇಕು. ಕೆಲವರು ತಾವಾಗಿ ಕೂರುವುದಿಲ್ಲ. ಅವರು ಕೂರದಿರುವುದನ್ನು ವಿನಯವೆಂದು ನಾನು ತಪ್ಪು ತಿಳಿದಿದ್ದೆ, ನೀನು ಹಾಗೆ ತಿಳಿಯಬೇಡ.

ಆ ತಂದೆಗೆ ಹೇಳಬೇಕಾದ ಮಾತನ್ನು ನನಗೆ ಹೇಳಲಾಗಲಿಲ್ಲ. ಮಗನಿಂದ ವಿಷಯ ತಿಳಿಯುವ ಹೊತ್ತಿಗೆ ಅವರು ತೀರಿಕೊಂಡಿದ್ದರು. ನಿಮಗೆ ಇನ್ನೂ ಸಮಯವಿದೆ.

ಎಲ್ಲರಿಗೂ ಒಳಿತಾಗಲಿ.